ಎಲ್ಡನ್ ಮಾವನ ಗಾಳಿಯ ಪಾಲು

ಜನವರಿ ಮುಗಿಯುತ್ತ ಬಂದಿತ್ತು. ಸ್ಪ್ರೂಸ್ ಕೋವ್ ಎಂಬ ಕಡಲೂರಿನ ದಕ್ಕೆಯ ಕಂಬಗಳಿಗೆ ಮೊಣಕಾಲುದ್ದ ಮಂಜುಗಡ್ಡೆ ಕಟ್ಟಿತ್ತು. ಕಡಲಿನ ಇಳಿತ ಶುರುವಾದರೆ ಅದು ಹಲಗೆ ಹಲಗೆಯಾಗಿ ಮುರಿದು ನೀರಿಗೆ ಬೀಳುವ ಸದ್ದು ಊರಿನ ಯಾವ ಅಡುಗೆಮನೆಯಲ್ಲಿ ಕುಳಿತರೂ ಕೇಳುತ್ತಿತ್ತು. ಸೋಮವಾರ ಬೆಳಿಗ್ಗೆ ಮರ್ಟನ್ ಪೆಟಿಗ್ರೋ ದೋಣಿಯ ಅಂಚಿನ ಮಂಜನ್ನು ಮರದ ಸುತ್ತಿಗೆಯಿಂದ ಕುಟ್ಟಿ ಉದುರಿಸುತ್ತಿದ್ದ. ದೋಣಿ ಅವನದಲ್ಲ, ಅವನ ಚಿಕ್ಕಮ್ಮನ ಮಗ ಡ್ವೈಟ್ ಲಂಟನದು. ಹತ್ತೊಂಬತ್ತು ಚಳಿಗಾಲ ಇಬ್ಬರೂ ಆ ದೋಣಿಯಲ್ಲೇ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಕಡಲ ತಳಕ್ಕೆ ಇಳಿದು ಮುಳ್ಳುಂಡೆ ಹೆಕ್ಕಿ ತಂದಿದ್ದರು. ಮುಷ್ಟಿಗಾತ್ರದ, ಮೈಯೆಲ್ಲ ಮುಳ್ಳಾದ ಈ ಹಸಿರು ಜೀವಿಯ ಹೊಟ್ಟೆಯ ತತ್ತಿಯನ್ನು ಜಪಾನಿನವರು ಇಷ್ಟಪಟ್ಟು ತಿನ್ನುತ್ತಾರಂತೆ. ಸ್ಪ್ರೂಸ್ ಕೋವಿನಲ್ಲಿ ತಿಂದವರು ಯಾರೂ ಇರಲಿಲ್ಲ. ಜಪಾನಿನವರ ಮೇಲೆ ಊರಿಗೆ ಗೌರವವೂ ಕನಿಕರವೂ ಒಟ್ಟಿಗೇ ಇತ್ತು.

ಮುಳ್ಳುಂಡೆ ಹೆಕ್ಕಲು ಸರ್ಕಾರ ಗೊತ್ತುಮಾಡಿದ ದಿನಗಳಲ್ಲಿ ಉಳಿದದ್ದು ಎರಡೇ, ಗುರುವಾರ ಮತ್ತು ಶುಕ್ರವಾರ. ಆದರೆ ಊರಿನಲ್ಲಿ ಗಾಳಿ ಇರಲಿಲ್ಲ. ಊರಿಗೆಲ್ಲ ಸಿಲಿಂಡರ್ ತುಂಬಿಸಿಕೊಡುತ್ತಿದ್ದವನು ಎಲ್ಡನ್ ಮಾವ. ಎರಡು ವಾರದ ಹಿಂದೆ ಒಂದು ಸೋಮವಾರ ಗಾಳಿಯನ್ನು ಒತ್ತಿ ತುಂಬುವ ಅವನ ಕಂಪ್ರೆಸರ್ ಕೆಮ್ಮಿ ಕೆಮ್ಮಿ ನಿಂತುಹೋಯಿತು. ಗುರುವಾರ ಅವನೂ ಹಾಗೆಯೇ ನಿಂತುಹೋದ. ನೆಲ ಹೆಪ್ಪುಗಟ್ಟಿ ಕಲ್ಲಾಗಿದ್ದರಿಂದ ಹೂಳಲು ಆಗದೆ, ಶವಪೆಟ್ಟಿಗೆಯನ್ನು ಸ್ಮಶಾನದ ಕಲ್ಲುಕೋಣೆಯಲ್ಲಿ ಇಟ್ಟು ಬೀಗ ಹಾಕಿದ್ದರು. ಗಾಳಿ ತುಂಬಿಸುವ ಇನ್ನೊಂದು ಅಂಗಡಿ ಎಪ್ಪತ್ತು ಮೈಲಿ ದೂರ. ಅದರ ಯಜಮಾನ ಚಳಿಗಾಲಕ್ಕೆ ಫ್ಲಾರಿಡಾದಲ್ಲಿ ಬಿಸಿಲಿಗೆ ಮೈ ಕಾಯಿಸುತ್ತಿದ್ದ.

ಹೀಗಿರುವಾಗ ಎಲ್ಡನ್ ಮಾವನ ಹೆಂಡತಿ ಆರ್ಡೆಲ್ ಅತ್ತೆ ಇಬ್ಬರನ್ನೂ ಗಾಳಿ ತುಂಬುವ ಷೆಡ್ಡಿಗೆ ಕರೆಸಿದಳು. ಗಂಡನ ದೊಡ್ಡ ಕೋಟನ್ನೇ ಹಾಕಿಕೊಂಡಿದ್ದಳು, ತೋಳು ಬೆರಳ ತುದಿ ದಾಟಿ ಜೋಲುತ್ತಿತ್ತು. ಮೂಲೆಯಲ್ಲಿ ಆಳೆತ್ತರದ ಹಸಿರು ಸಿಲಿಂಡರ್ ನಿಂತಿತ್ತು.

"ಇದರಲ್ಲಿ ನಿಮ್ಮ ಮಾವ ತುಂಬಿದ ಕೊನೇ ಗಾಳಿ ಇದೆ," ಎಂದಳು. "ಹುಡುಗ್ರಿಬ್ರಿಗೂ ಸಮ ಹಂಚು ಅಂತ ಹೇಳಿ ಹೋಗಿದಾರೆ. ಈ ದೊಡ್ಡ ಬಾಟಲಿ ಬಾಡಿಗೇದು. ಮಧ್ಯಾಹ್ನ ಗಾಡಿಯವನು ಬಂದು ತಗೊಂಡು ಹೋಗ್ತಾನೆ. ಬೇಗ ಮಾಡ್ಕೊಳಿ."

ಹುಡುಗರಿಬ್ಬರಿಗೂ ಐವತ್ತು ದಾಟಿತ್ತು.

ಲೆಕ್ಕದ ಮಾತು ಬಂದ ಮೇಲೆ ಮರ್ಟನ್ ಮುಂದೆ ಬರಲೇಬೇಕು. ಪ್ರಾಯದಲ್ಲಿ ಅವನು ಅಂಚೆಯ ಮೂಲಕ ನೌಕಾಶಾಸ್ತ್ರದ ಪಾಠವನ್ನು ಅರ್ಧದವರೆಗೆ ಓದಿದ್ದ. ಊರಿನಲ್ಲಿ ಮಿಕ್ಕ ಯಾರೂ ಅಷ್ಟನ್ನೂ ಓದಿರಲಿಲ್ಲವಾದ್ದರಿಂದ ಆ ಅರ್ಧವೇ ಪೂರ್ಣವೆನಿಸಿತ್ತು. ಕಿವಿಯ ಹಿಂದೆ ಸದಾ ಒಂದು ಪೆನ್ಸಿಲ್ ಇರುತ್ತಿತ್ತು. ಅವನು ಎರಡು ಕವಲಿನ ಕೊಳವೆಯೊಂದನ್ನು ತಂದು, ದೊಡ್ಡ ಸಿಲಿಂಡರಿಗೆ ತನ್ನದನ್ನೂ ಡ್ವೈಟನದನ್ನೂ ಒಟ್ಟಿಗೇ ಜೋಡಿಸಿದ. ಎರಡೂ ಖಾಲಿ ಸಿಲಿಂಡರುಗಳು.

"ನೋಡ್ತಾ ಇರಿ ಅತ್ತೆ. ಗಾಳಿ ಹೆಚ್ಚು ಒತ್ತಡ ಇರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಹೋಗತ್ತೆ. ಮೂರರಲ್ಲೂ ಒಂದೇ ಆದ ತಕ್ಷಣ ನಿಲ್ಲತ್ತೆ. ಆಮೇಲೆ ಎಷ್ಟು ಬೇಡ್ಕೊಂಡ್ರೂ ಅಲ್ಲಾಡಲ್ಲ. ಇಬ್ರ ಗೇಜೂ ಒಂದೇ ತೋರಿಸತ್ತೆ. ಇದಕ್ಕಿಂತ ನ್ಯಾಯವಾಗಿ ದೇವರು ಕೂಡ ಹಂಚೋಕಾಗಲ್ಲ."

ತಿರುಪು ಬಿಚ್ಚಿದ. ಗಾಳಿ ಸುಯ್ಯೆಂದು ಹರಿದು, ನಿಧಾನವಾಗಿ, ನಿಂತಿತು. ಮರ್ಟನನ ಗೇಜಿನಲ್ಲಿ ಒತ್ತಡ ಸಾವಿರದ ಎಂಟುನೂರು ಪೌಂಡು, ಡ್ವೈಟನದೂ ಸಾವಿರದ ಎಂಟುನೂರು. ಅತ್ತೆ ಕನ್ನಡಕ ಹಾಕಿಕೊಂಡು ಎರಡನ್ನೂ ಓದಿ, "ಆಗ್ಲಿ," ಎಂದಳು. ಗಾಡಿಯವನು ಬಂದು, ದೊಡ್ಡ ಸಿಲಿಂಡರನ್ನು ಒಳಗೆ ಉಳಿದ ಗಾಳಿಯ ಸಮೇತ ಹೇರಿಕೊಂಡು ಹೋದ. ಮರ್ಟನ್ ಮನೆಗೆ ಬಂದವನು ಹೆಂಡತಿ ವರ್ನಾಳಿಗೆ ಈ ಹಂಚಿಕೆಯನ್ನು ಎರಡು ಸಲ ವಿವರಿಸಿದ.

"ಜನ ಮನೆ, ನೆಲ ಪಾಲು ಮಾಡ್ಕೋತಾರೆ," ಎಂದಳು ವರ್ನಾ, ಹುರುಳಿಯ ಮಡಕೆಯನ್ನು ಒಲೆಗೆ ಇಡುತ್ತ. "ನೀವಿಬ್ರೂ ಗಾಳಿ ಪಾಲು ಮಾಡ್ಕೊಂಡ್ರಿ. ಸರಿ, ಜಗಳ ಯಾವಾಗ?"

ಜಗಳ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಯಿತು.

ಡ್ವೈಟನ ಹೆಂಡತಿ ಗ್ಲೆನಿಸ್ ದೋಣಿಯಲ್ಲಿ ಕುಳಿತು ಹಗ್ಗ ಹಿಡಿಯುವವಳು. ಇಬ್ಬರೂ ನೀರಿನ ಕೆಳಗಿದ್ದಾಗ ಮೇಲೆ ಏಳುವ ಗುಳ್ಳೆ ಎಣಿಸುವವಳು. ಹಾಗಾಗಿ ಸಿಲಿಂಡರಿನ ವಿಷಯದಲ್ಲಿ ಅವಳಿಗೆ ಅಂಚೆಯ ಪಾಠ ಬೇಕಿರಲಿಲ್ಲ. ಅವಳು ಮರ್ಟನನನ್ನು ತನ್ನ ಅಡುಗೆಮನೆಯ ಮೇಜಿಗೆ ಕೂರಿಸಿದಳು. ಡ್ವೈಟನ ಮುಂದೆ ಒಂದು ಲೋಟ, ಮರ್ಟನನ ಮುಂದೆ ಸೂಪು ಕಾಯಿಸುವ ಪಾತ್ರೆ. ಎರಡಕ್ಕೂ ಬೆರಳು ಅದ್ದಿ ನೋಡುತ್ತ, ಸರಿಯಾಗಿ ಒಂದೇ ಎತ್ತರಕ್ಕೆ ಕಾಫಿ ಸುರಿದಳು.

"ಸಮ ಇದೆಯಾ ಮೇಷ್ಟ್ರೇ?"

"ಎತ್ತರ ಸಮ ಇದೆ," ಎಂದ ಮರ್ಟನ್.

"ಕುಡೀರಿ ಹಾಗಾದ್ರೆ."

ಮರ್ಟನ್ ಪಾತ್ರೆಯೊಳಗೆ ನೋಡಿದ. ಅಲ್ಲಿ ಒಂದು ಕುಟುಂಬ ಕುಡಿಯುವಷ್ಟು ಕಾಫಿ ಇತ್ತು. ಡ್ವೈಟನ ಸಿಲಿಂಡರ್ ಸಣಕಲು, ಮರ್ಟನನದು ಹೊಟ್ಟೆ ಬಂದದ್ದು. ಸಿಲಿಂಡರು ತುಂಬಿದಾಗ ಎಷ್ಟು ಘನ ಅಡಿ ಗಾಳಿ ಹಿಡಿಯುತ್ತದೋ ಅದೇ ಅದರ ಹೆಸರು. ಡ್ವೈಟನದು ಎಂಬತ್ತು, ಮರ್ಟನನದು ತೊಂಬತ್ತೈದು. ಅದರಲ್ಲೂ ಎಂಬತ್ತು ತುಂಬಿತು ಎನ್ನಬೇಕಾದರೆ ಗೇಜು ಮೂರು ಸಾವಿರ ಮುಟ್ಟಬೇಕು, ತೊಂಬತ್ತೈದಕ್ಕೆ ಎರಡು ಸಾವಿರದ ಆರುನೂರು ಚಿಲ್ಲರೆಯೇ ಸಾಕು. ಮರ್ಟನ್ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಜೇಬಿನಲ್ಲಿದ್ದ ಭರತ ಇಳಿತದ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿದ. ಡ್ವೈಟನಿಗೆ ನಲವತ್ತೆಂಟು ಘನ ಅಡಿ, ತನಗೆ ಅರವತ್ತೈದು. ಹೆಚ್ಚು ಬಂದದ್ದು ಹದಿನೇಳು. ಅದರ ಅರ್ಧ ಡ್ವೈಟನದು.

ಅವನ ಮುಖ ಬಿಳುಚಿತು. ತಪ್ಪು ಮಾಡಿದ್ದಕ್ಕೋ, ತಪ್ಪು ಲೆಕ್ಕ ಹಾಕಿದ್ದಕ್ಕೋ ಹೇಳುವುದು ಕಷ್ಟ.

"ಎಂಟೂವರೆ ಅಡಿ ನಿಂಗೆ ಬರ್ಬೇಕು," ಎಂದ.

"ಸತ್ತ ಮಾವನ ಷೆಡ್ಡಲ್ಲಿ, ಅತ್ತೆ ಕಣ್ಣೆದುರಿಗೆ," ಎಂದ ಡ್ವೈಟ್. ಅವನು ಮಾತು ಕಡಿಮೆಯ ಆಳು, ಹೇಳಿದ್ದನ್ನು ತೂಗಿ ಹೇಳುತ್ತಿದ್ದ. "ದೇವರು ಕೂಡ ಹಂಚೋಕಾಗಲ್ಲ ಅಂದೆ. ಆ ಎಂಟೂವರೆ ನನ್ನ ಸಿಲಿಂಡರಿಗೆ ಬರೋವರೆಗೆ ನೀನು ನನ್ನ ದೋಣಿ ಹತ್ತಬೇಡ."

ಮರ್ಟನನಿಗೆ ಇದ್ದ ದೋಣಿ ಅದೊಂದೇ. ಹತ್ತೊಂಬತ್ತು ವರ್ಷದಲ್ಲಿ ಅವನು ಬೇರೆ ಯಾರ ಜೊತೆಗೂ ನೀರಿಗೆ ಇಳಿದವನಲ್ಲ. "ಅಷ್ಟೇ ತಾನೆ, ಈಗ್ಲೇ ತೀರಿಸ್ತೀನಿ," ಎಂದು ಓಡಿ ಹೋಗಿ ತನ್ನ ಸಿಲಿಂಡರ್ ತಂದ. ಅಡುಗೆಮನೆಯ ನೆಲದ ಮೇಲೆ ಎರಡನ್ನೂ ಕೊಳವೆಯಿಂದ ಜೋಡಿಸಿ, ಎರಡೂ ತಿರುಪು ಬಿಚ್ಚಿ, ಕಾದ.

ಏನೂ ಆಗಲಿಲ್ಲ. ಇತ್ತ ಸಾವಿರದ ಎಂಟುನೂರು, ಅತ್ತ ಸಾವಿರದ ಎಂಟುನೂರು. ಗಾಳಿಗೆ ಎಲ್ಲಿಗೂ ಹೋಗುವ ಮನಸ್ಸಿರಲಿಲ್ಲ. ಗ್ಲೆನಿಸ್ ಬಾಗಿ ಕೊಳವೆಗೆ ಕಿವಿಯಿಟ್ಟಳು.

"ಬರ್ತಾ ಇದೆಯಾ?" ಎಂದ ಡ್ವೈಟ್.

"ಇಲ್ಲ. ಇಲಿ ಉಸಿರಾಡಿದಷ್ಟೂ ಸದ್ದಿಲ್ಲ."

ಮರ್ಟನ್ ಎರಡೂ ಗೇಜು ತೋರಿಸಿದ. "ಒತ್ತಡ ಒಂದೇ ಇದೆ ಅಲ್ವಾ, ಅದಕ್ಕೆ. ನಿನ್ನದು ಸ್ವಲ್ಪ ಇಳೀಬೇಕು. ಅಂದ್ರೆ ನೀನು ಮೊದಲು ಒಂದಷ್ಟು ಗಾಳಿ ಖರ್ಚು ಮಾಡ್ಬೇಕು."

"ನಾನು ನನ್ನ ಗಾಳಿ ಕಳ್ಕೊಂಡ್ರೆ, ನೀನು ನನಗೆ ನನ್ನ ಗಾಳಿ ಕೊಡ್ತೀಯ."

"ಹೂಂ."

"ಅದಕ್ಕೆ ನೀರಿಗೆ ಇಳೀಬೇಕು."

"ಹೂಂ. ಇಬ್ರೂ ಇಳಿದು ಬಂದ್ರೆ..."

"ಸಾಲ ತೀರದೆ ನೀನು ದೋಣಿ ಹತ್ತೋ ಹಾಗಿಲ್ಲ."

ಸಾಲ ತೀರಬೇಕಾದರೆ ದೋಣಿ ಹತ್ತಬೇಕು, ದೋಣಿ ಹತ್ತಬೇಕಾದರೆ ಸಾಲ ತೀರಬೇಕು. ಕೊನೆಗೆ ಡ್ವೈಟ್ ಎದ್ದು ಬಾಗಿಲು ತೆಗೆದು ಹಿಡಿದ. ಮರ್ಟನ್ ತನ್ನ ಸಿಲಿಂಡರನ್ನು ಮಗುವಿನಂತೆ ಎತ್ತಿಕೊಂಡು ಹಿಮದೊಳಗೆ ನಡೆದ.

ಬುಧವಾರದ ಹೊತ್ತಿಗೆ ಸುದ್ದಿ ಊರು ಸುತ್ತಿತ್ತು. ಅಂಗಡಿಯ ಒಲೆಯ ಸುತ್ತ ಕುಳಿತವರಲ್ಲಿ ಎರಡು ಪಕ್ಷವಾಗಿತ್ತು. ಗೇಜು ಅಂದರೆ ಗೇಜು ಎನ್ನುವವರು ಒಂದು ಕಡೆ, ಮರ್ಟನನ ಸಿಲಿಂಡರಿನ ಹೊಟ್ಟೆಯನ್ನು ದಾರದಿಂದ ಅಳೆದು ನೋಡಬೇಕೆನ್ನುವವರು ಇನ್ನೊಂದು ಕಡೆ. ಅಲ್ಲಿಂದ ಸುದ್ದಿ ಚರ್ಚಿನ ಹೆಂಗಸರ ಹೊಲಿಗೆ ಕೂಟಕ್ಕೆ ಹೋಯಿತು. ಎಲ್ಡನನ ಕೊನೆಯ ಗಾಳಿ ಎಂಬ ಮಾತು ಅಲ್ಲಿ ಎಲ್ಡನನ ಕೊನೆಯ ಉಸಿರು ಎಂದಾಯಿತು. ಮರ್ಟನ್ ಹೆಚ್ಚು ತೆಗೆದುಕೊಂಡ ಎಂಬುದು, ಮರ್ಟನ್ ಕಿತ್ತುಕೊಂಡ ಎಂದಾಯಿತು. ಸಂಜೆಗೆ ವರ್ನಾ ಅಂಗಡಿಗೆ ಹೋದಾಗ, ಇಪ್ಪತ್ತು ವರ್ಷದಿಂದ ಮಾತಾಡಿಸುತ್ತಿದ್ದ ಹೆಂಗಸರು ಹಿಟ್ಟಿನ ಚೀಲದ ಮೇಲಿನ ಅಕ್ಷರಗಳನ್ನು ಬಹಳ ಗಮನವಿಟ್ಟು ಓದತೊಡಗಿದರು.

ಕತ್ತಲಾಗುವ ಮುಂಚೆ ಕಡಲ ಗಸ್ತಿನ ಅಧಿಕಾರಿ ಕಾಲ್ವಿನ್ ಮರ್ಟನನ ಮನೆಗೆ ಬಂದ. ಅವನ ಕೆಲಸ ದೋಣಿಗಳನ್ನು ನಿಲ್ಲಿಸಿ ಮುಳ್ಳುಂಡೆಗಳ ಗಾತ್ರ ಅಳೆಯುವುದು. ಬೂಟಿನ ಹಿಮ ಕೊಡವಿ, ಟೋಪಿ ತೆಗೆದು, ಮೆಲ್ಲಗೆ ಹೇಳಿದ.

"ಮರ್ಟನ್, ಕೇಳೋಕೆ ನಂಗೇ ಒಂಥರಾ ಆಗತ್ತೆ. ಮೂರು ಜನ ಫೋನ್ ಮಾಡಿದಾರೆ. ಸಾಯ್ತಾ ಇದ್ದ ಮನುಷ್ಯನ ಮೂಗಿಂದ ನೀನು ಆಕ್ಸಿಜನ್ ಕೊಳವೆ ಕಿತ್ತೆಯಂತೆ."

ವರ್ನಾ ಕುರ್ಚಿ ಎಳೆದುಕೊಂಡು ಕುಳಿತಳು.

"ಆಕ್ಸಿಜನ್ ಅಲ್ಲ! ಮಾಮೂಲಿ ಗಾಳಿ!" ಎಂದ ಮರ್ಟನ್. "ಎಂಟೂವರೆ ಅಡಿ ಅಷ್ಟೇ!"

ಕಾಲ್ವಿನ್ ಪುಸ್ತಕ ತೆಗೆದು ಬರೆದುಕೊಂಡ. "ಎಂಟೂವರೆ ಅಡಿ. ಉದ್ದಾನಾ, ಅಗಲಾನಾ?"

ಮರ್ಟನ್ ಕ್ಯಾಲೆಂಡರ್ ಬಿಚ್ಚಿ ಮೊದಲಿನಿಂದ ವಿವರಿಸಿದ. ಎಂಬತ್ತು, ತೊಂಬತ್ತೈದು, ಮೂರು ಸಾವಿರ, ಲೋಟ, ಪಾತ್ರೆ. ಕಾಲ್ವಿನ್ ಡೋನಟ್ ತಿನ್ನುತ್ತ ಕೇಳಿದ. ಎರಡನೆಯ ಡೋನಟ್ ಮುಗಿಯುವ ಹೊತ್ತಿಗೆ ಅವನ ಕಣ್ಣು ಮುಚ್ಚುತ್ತ ಬಂದಿತ್ತು.

"ನೋಡಪ್ಪ," ಎಂದು ಎದ್ದ. "ಎರಡಂಗುಲಕ್ಕಿಂತ ಸಣ್ಣ ಮುಳ್ಳುಂಡೆ ಹಿಡಿದ್ರೆ ನಂಗೆ ಕಾನೂನು ಗೊತ್ತು. ಗಾಳಿಗೆ ನಮ್ಮಲ್ಲಿ ಅಳತೆ ಇಲ್ಲ. ಯಾರಿಗೆ ಕೊಡ್ಬೇಕೋ ಕೊಟ್ಟುಬಿಡು, ಫೋನ್ ನಿಲ್ಲತ್ತೆ."

"ಕೊಡೋಕೇ ಆಗ್ತಾ ಇಲ್ಲ ಕಾಲ್ವಿನ್. ಅದು ಹೋಗಲ್ಲ ಅನ್ನತ್ತೆ."

ಕಾಲ್ವಿನ್ ವರ್ನಾಳ ಕಡೆ ನೋಡಿದ. ವರ್ನಾ ಕಿಟಕಿಯ ಆಚೆ ನೋಡಿದಳು.

ಗುರುವಾರ ಮುಳ್ಳುಂಡೆ ದಿನ. ಗಾಳಿಯಿಲ್ಲದ, ಅಲೆಯಿಲ್ಲದ, ಬೂದಿ ಬಣ್ಣದ ಬೆಳಗು. ಇಂಥ ದಿನ ಸಿಕ್ಕರೆ ದ್ವೀಪದ ಹಿಂದಿನ ಬಂಡೆಯಲ್ಲಿ ಒಂದು ಮುಳುಗಿಗೆ ಆರು ಪೆಟ್ಟಿಗೆ ತುಂಬುತ್ತದೆ. ಡ್ವೈಟನ ದೋಣಿ ಮಾತ್ರ ಕದಲಲಿಲ್ಲ. ಗಂಡನನ್ನು ಒಬ್ಬನೇ ನೀರಿಗಿಳಿಸಲು ಗ್ಲೆನಿಸ್ ಒಪ್ಪುವವಳಲ್ಲ. ಬೆಳಗಿನ ಜಾವಕ್ಕೆ ಮರ್ಟನನಿಗೆ ದಾರಿ ಹೊಳೆದಿತ್ತು. ಡ್ವೈಟನ ಒತ್ತಡ ಇಳಿಯದಿದ್ದರೇನು, ತನ್ನದನ್ನು ಏರಿಸಬಹುದಲ್ಲ! ಕಾದ ಗಾಳಿ ಹಿಗ್ಗುತ್ತದೆ. ತನ್ನ ಸಿಲಿಂಡರನ್ನು ನೂರ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿನೀರಿನಲ್ಲಿ ನಿಲ್ಲಿಸಿ, ಡ್ವೈಟನದನ್ನು ಹಿಮದಲ್ಲಿ ಹೂತು, ಕೊಳವೆ ಜೋಡಿಸಿ ತಿರುಪು ಬಿಚ್ಚಿದರೆ, ಸರಿಯಾಗಿ ಎಂಟೂವರೆ ಅಡಿ ಅತ್ತ ಹೋಗುತ್ತದೆ. ಮೂರು ಸಲ ಲೆಕ್ಕ ಹಾಕಿದ. ಮೂರು ಸಲವೂ ಸರಿ ಬಂತು. ಈ ಲೆಕ್ಕ ನಿಜಕ್ಕೂ ಸರಿಯಾಗಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಆಮೇಲೆ ಯಾರೂ ಅದನ್ನು ಹೇಳಲಿಲ್ಲ.

ಅಷ್ಟು ದೊಡ್ಡ ಪಾತ್ರೆ ಇದ್ದದ್ದು ಆರ್ಡೆಲ್ ಅತ್ತೆಯ ಹಿತ್ತಲಲ್ಲಿ ಮಾತ್ರ. ಎಲ್ಡನ್ ಮಾವ ಬೇಸಿಗೆಯಲ್ಲಿ ಕಡಲೇಡಿ ಬೇಯಿಸುತ್ತಿದ್ದ ಕಬ್ಬಿಣದ ಪೀಪಾಯಿ ಅದು. ಮರ್ಟನ್ ಕೆಳಗೆ ಸೌದೆ ಒಟ್ಟಿ ಬೆಂಕಿ ಹಾಕಿದ. ಡ್ವೈಟ್ ತನ್ನ ಸಿಲಿಂಡರ್ ತಂದು ಹಿಮದಲ್ಲಿ ನೆಟ್ಟು, ಕೈ ಕಟ್ಟಿ ನಿಂತ. ಗ್ಲೆನಿಸ್ ಕೊಟ್ಟಿಗೆಯ ಗೋಡೆಯ ಮರೆಗೆ ಹೋದಳು.

"ಯಾಕೆ ಅಷ್ಟು ದೂರ?" ಎಂದ ಮರ್ಟನ್.

"ಇಲ್ಲಿಂದ ಚೆನ್ನಾಗಿ ಕಾಣತ್ತೆ ಮೇಷ್ಟ್ರೇ."

ನೀರು ಬಿಸಿಯೇರುತ್ತ ಹೋಯಿತು. ಗೇಜು ಸಾವಿರದ ಒಂಬೈನೂರಾಯಿತು, ಎರಡು ಸಾವಿರವಾಯಿತು.

"ಸಾಕಲ್ವಾ?" ಎಂದ ಡ್ವೈಟ್.

"ಈಗ ಬಿಟ್ರೆ ನಾಲ್ಕೂವರೆ ಅಡಿ ಹೋಗತ್ತೆ. ನಾನು ನಿಂಗೆ ಎಂಟೂವರೆ ಕೊಡ್ಬೇಕು. ಎರಡು ಸಾವಿರದ ಇನ್ನೂರು ಬರ್ಲಿ."

"ನಾಲ್ಕೂವರೆ ಕೊಡು, ಸಾಕು."

"ಸಾಕಾಗಲ್ಲ ಡ್ವೈಟ್! ಒಂದ್ಸಲ ತಪ್ಪು ಹಂಚಿದೀನಿ!"

ಸಿಲಿಂಡರಿನ ಕತ್ತಿನಲ್ಲಿ ನಾಣ್ಯದಷ್ಟು ಅಗಲದ ತೆಳು ಬಿಲ್ಲೆಯೊಂದು ಇರುತ್ತದೆ. ಒತ್ತಡ ಮೀರಿದರೆ ಸಿಲಿಂಡರ್ ಸಿಡಿಯುವ ಬದಲು ಆ ಬಿಲ್ಲೆ ಹರಿದು ಗಾಳಿಯನ್ನು ಹೊರಗೆ ಬಿಡಬೇಕು. ಅದನ್ನು ಆಗಾಗ ಬದಲಾಯಿಸಬೇಕು. ಮರ್ಟನ್ ಸಿಲಿಂಡರ್ ಕೊಂಡಾಗಿನಿಂದ ಅದು ಅದರಲ್ಲೇ ಇತ್ತು. ಲೆಕ್ಕದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಗೇಜು ಎರಡು ಸಾವಿರದ ಇನ್ನೂರನ್ನು ಮುಟ್ಟಿತು. ಮರ್ಟನ್ ತಿರುಪಿಗೆ ಕೈ ಹಾಕಿದ.

ಢಬ್ ಎಂದು ಬಿಲ್ಲೆ ಹರಿಯಿತು. ಹಿಂದೆಯೇ ಹಡಗಿನ ಸಿಳ್ಳೆಯಂಥ ಕೂಗು ಎದ್ದು ಕೊಲ್ಲಿಯ ಆಚೆ ದಂಡೆಯವರೆಗೂ ಹೋಯಿತು. ಬಿಸಿನೀರು ಹಿತ್ತಲಿಗೆಲ್ಲ ಎರಚಿತು, ಬೆಂಕಿ ಆರಿತು. ಡ್ವೈಟ್ ಹಿಮದ ಮೇಲೆ ಅಂಗಾತ ಬಿದ್ದ. ಅಂಗಡಿಯ ಒಲೆ ಬಿಟ್ಟು ಎದ್ದು ಬಂದವರು ಬೇಲಿಯ ಉದ್ದಕ್ಕೂ ನಿಂತರು. ಮರ್ಟನ್ ಉಣ್ಣೆಯ ಕೈಗವಸನ್ನು ಆ ತೂತಿಗೆ ಒತ್ತಿದ. ಕೈಗವಸು ಹಾರಿ ಕೊಟ್ಟಿಗೆಯ ಮಾಡಿನ ಮೇಲೆ ಬಿತ್ತು. ಇನ್ನೊಂದನ್ನು ತೆಗೆಯುವಷ್ಟರಲ್ಲಿ ಯಾರೋ ಅವನ ತೋಳು ಹಿಡಿದರು.

"ಬಿಡು," ಎಂದಳು ಆರ್ಡೆಲ್ ಅತ್ತೆ. "ಮುಚ್ಚಬೇಡ."

ಅವಳು ಆ ದೊಡ್ಡ ಕೋಟಿನಲ್ಲಿ, ನುಗ್ಗಿ ಬರುತ್ತಿದ್ದ ಗಾಳಿಯ ಹತ್ತಿರ ನಿಂತಳು. ಕೂದಲು ಹಿಂದಕ್ಕೆ ಹಾರುತ್ತಿತ್ತು. ಕಂಪ್ರೆಸರ್ ಗಾಳಿ ಎಳೆದುಕೊಳ್ಳುತ್ತಿದ್ದ ಕೊಳವೆ ಅವಳ ಅಡುಗೆಮನೆಯ ಕಿಟಕಿಯ ಕೆಳಗೇ ಇತ್ತು. ಗಾಳಿ ಸೋಸುವ ಸಾಮಾನನ್ನು ಬದಲಾಯಿಸುವುದನ್ನು ಎಲ್ಡನ್ ಮಾವ ಮರೆತು ವರ್ಷವಾಗಿತ್ತು.

"ಈರುಳ್ಳಿ ವಾಸನೆ," ಎಂದಳು. "ಆ ಸೋಮವಾರ ಈರುಳ್ಳಿ ಹುರೀತಿದ್ದೆ. ಕಿಟಕಿ ಹತ್ರ ಬಂದು, ಜಾಸ್ತಿ ಸೀಯಿಸ್ಬೇಡ ಅಂದ್ರು. ಹೊಗೆಸೊಪ್ಪಿನ ಪೈಪು ಬಾಯಲ್ಲೇ ಇತ್ತು."

ಬೇಲಿಯ ಬಳಿ ನಿಂತವರಲ್ಲಿ ಒಬ್ಬ ಟೋಪಿ ತೆಗೆದ. ಅವನನ್ನು ನೋಡಿ ಮಿಕ್ಕವರೂ ತೆಗೆದರು. ಕೂಗು ಸಿಳ್ಳೆಯಾಯಿತು, ಸಿಳ್ಳೆ ಸುಯ್ಯಾಯಿತು, ಆಮೇಲೆ ಅದೂ ಇಲ್ಲವಾಯಿತು. ಅತ್ತೆ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಡ್ವೈಟ್ ಎದ್ದು ಬೆನ್ನಿನ ಹಿಮ ಕೊಡವಿಕೊಂಡ. ತನ್ನ ಸಿಲಿಂಡರನ್ನು ಹೆಗಲಿಗೇರಿಸಿ, "ಎಂಟೂವರೆ ಬಾಕಿ ಹಾಗೇ ಇದೆ," ಎಂದು ಹೊರಟುಹೋದ.

ಆ ಸಂಜೆ ಮರ್ಟನ್ ಪೀಪಾಯಿ ತೊಳೆದು ಮಗುಚಿಟ್ಟ. ಬಿಲ್ಲೆ ಬದಲಾಯಿಸಿದ. ವರ್ನಾ ತಟ್ಟೆಗೆ ಹುರುಳಿ ಬಡಿಸಿ ಎದುರಿಗೆ ಕುಳಿತಳು. ಅವನು ಉಣ್ಣಲಿಲ್ಲ.

ಶುಕ್ರವಾರ ಬೆಳಿಗ್ಗೆ ಆರೂವರೆಗೆ ಡ್ವೈಟನ ಗಾಡಿ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯಿತು.

"ಒಬ್ಬನೇ ಇಳಿಯೋಕೆ ಗ್ಲೆನಿಸ್ ಬಿಡಲ್ಲ ಅಂತಾಳೆ," ಎಂದ ಡ್ವೈಟ್, ಕಿಟಕಿಯಿಂದ ಮುಖ ತಿರುಗಿಸಿಕೊಂಡೇ. "ನಿನ್ನ ಹೊಟ್ಟೆಬಾಕ ಬಾಟಲಿ ತಗೊಂಡು ಬಾ."

ದೋಣಿಯಲ್ಲಿ, ದ್ವೀಪದ ಹಿಂದೆ, ಡ್ವೈಟ್ ತಾನೇ ಕೊಳವೆ ಜೋಡಿಸಿದ. ಒಂದರಲ್ಲಿ ಗಾಳಿ, ಒಂದು ಖಾಲಿ. ಈಗ ಗಾಳಿಗೆ ಹೋಗಲು ಜಾಗವಿತ್ತು, ತಡೆಯಿಲ್ಲದೆ ಹರಿಯಿತು. ಎರಡು ಗೇಜೂ ಏಳುನೂರ ಅರವತ್ತಕ್ಕೆ ನಿಂತವು. ಮರ್ಟನ್ ಗೇಜು ನೋಡಿದ, ತನ್ನ ಸಿಲಿಂಡರ್ ನೋಡಿದ, ಡ್ವೈಟನದನ್ನು ನೋಡಿದ. ತನಗೆ ಬಂದದ್ದು ಇಪ್ಪತ್ತೇಳೂವರೆ ಅಡಿ. ಡ್ವೈಟನಿಗೆ ಉಳಿದದ್ದು ಇಪ್ಪತ್ತು. ಹಳೆಯ ಎಂಟೂವರೆಯೂ ಸೇರಿ ಒಟ್ಟು ಸಾಲ ಮೂವತ್ತಾರು. ಅವನ ಕೈ ತಾನಾಗಿಯೇ ಕಿವಿಯ ಹಿಂದಕ್ಕೆ ಹೋಯಿತು.

"ಡ್ವೈಟ್, ಈಗ್ಲೂ ನನಗೇ..."

"ಒಂದು ಅಂಕಿ ಬಾಯಿಂದ ಬಂದ್ರೆ ಸಿಲಿಂಡರ್ ಇಲ್ಲದೆ ಇಳಿಸ್ತೀನಿ."

"ಮೂವತ್ತಾರು," ಎಂದಳು ಗ್ಲೆನಿಸ್, ಹಗ್ಗ ಬಿಚ್ಚುತ್ತ. "ನಾನೂ ಹಾಕ್ದೆ. ಇಳೀರಿ ಇನ್ನ."

ಇಳಿದರು. ಕೆಳಗೆ ಮಬ್ಬು ಹಸಿರು, ಚಳಿ ಹಲ್ಲಿನ ಬೇರಿಗೆ ಇಳಿಯುವಂಥದು. ಬಂಡೆಯ ಮೇಲೆ ಮುಳ್ಳುಂಡೆ ಹಾಸಿದಂತಿತ್ತು. ಇಬ್ಬರೂ ಅಕ್ಕಪಕ್ಕದಲ್ಲೇ ತೆವಳುತ್ತ, ಕೆರೆದು ಕೆರೆದು ಬಲೆಚೀಲಕ್ಕೆ ತುಂಬಿದರು. ಮರ್ಟನ್ ಅವಸರ ಮಾಡಲಿಲ್ಲ. ಉಸಿರನ್ನು ಉದ್ದವಾಗಿ ಎಳೆದು, ಮೆಲ್ಲಗೆ ಬಿಟ್ಟ. ಹದಿಮೂರನೆಯ ನಿಮಿಷಕ್ಕೆ ಡ್ವೈಟ್ ಗೇಜು ತೋರಿಸಿ, ಮೇಲೆ ಹೋಗೋಣವೆಂದು ಹೆಬ್ಬೆರಳು ಮೇಲೆ ಮಾಡಿದ. ಅವನದು ಮುಗಿದಿತ್ತು. ಮರ್ಟನನಿಗೆ ಇನ್ನೂ ಗಾಳಿ ಇತ್ತು, ಬಂಡೆಯ ತುಂಬ ಮುಳ್ಳುಂಡೆಯೂ ಇತ್ತು. ಅವನು ಚೀಲದ ಬಾಯಿ ಕಟ್ಟಿ ಜೊತೆಗೇ ಎದ್ದ.

ಎರಡೂವರೆ ಪೆಟ್ಟಿಗೆಯಾಯಿತು. ಆ ಚಳಿಗಾಲದ ಕೊನೆಯ ಗಳಿಕೆ ಅಷ್ಟೇ.

ಗ್ಲೆನಿಸ್ ಕಾಫಿ ಸುರಿಯುತ್ತಿದ್ದಾಗ ಮರ್ಟನ್ ಒದ್ದೆ ಕೈಯಲ್ಲೇ ಕೊಳವೆ ತೆಗೆದು ಎರಡು ಸಿಲಿಂಡರುಗಳನ್ನೂ ಜೋಡಿಸಿದ. ತನ್ನದರಲ್ಲಿ ಇನ್ನೂರ ಹತ್ತು ಉಳಿಸಿಕೊಂಡು ಬಂದಿದ್ದ, ಡ್ವೈಟನದು ಸೊನ್ನೆ. ತಿರುಪು ಬಿಚ್ಚಿದ. ಗಾಳಿ ಹರಿಯುವ ಸದ್ದು ಮೂವರಿಗೂ ಕೇಳಿಸಿತು, ಬಹಳ ಸಣ್ಣದು. ಎರಡು ಗೇಜೂ ನೂರ ಇಪ್ಪತ್ತರ ಬಳಿ ಬಂದು ನಿಂತವು.

ಡ್ವೈಟ್ ತನ್ನ ಗೇಜನ್ನು ನೋಡಿದ. ಆಮೇಲೆ ತಿರುಪನ್ನು ಬಿಗಿಯಾಗಿ ಮುಚ್ಚಿ, ಸಿಲಿಂಡರನ್ನು ದೋಣಿಯ ಮೂಲೆಗೆ, ಮತ್ತೆ ತೆಗೆಯುವುದಿಲ್ಲ ಎಂಬಂತೆ, ಹಗ್ಗದಿಂದ ಕಟ್ಟಿದ.

"ಮೂರು ಬಂತು," ಎಂದ. "ಮೂವತ್ಮೂರು ಬಾಕಿ."

"ಮೂವತ್ತೆರಡೂ ಮುಕ್ಕಾಲು," ಎಂದ ಮರ್ಟನ್.